ಎದೆ ನಡುಗೋ ಬೇಸ್ ಬೇಕು, ಯಾವ ಇಯರ್‌ಫೋನ್ ತಗೊಳ್ಲಿ? (ಬಜೆಟ್ 3000, ಊರು ಗೋಣಿಕೊಪ್ಪ)

ಗೋಣಿಕೊಪ್ಪ_ಗಿರಗಿಟ್ಲೆ:
ಎಲ್ಲರಿಗೂ ನಮಸ್ಕಾರ. ಈ ಸಲ ಮಡಿಕೇರಿ ದಸರಾಕ್ಕೆ ಹೋಗಿದ್ದೆ, ದಶಮಂಟಪ, ಅಂದ್ರೆ ಹತ್ತು ದೇವಸ್ಥಾನಗಳ ಮಂಟಪದ ಮೆರವಣಿಗೆ, ಹೊರಡೋ ರಾತ್ರಿ. ಬೆಳಗಿನ ಜಾವ 3 ಗಂಟೆ ಇರ್ಬೇಕು, ಒಂದು ಮಂಟಪದ ಸೌಂಡ್ ಬಾಕ್ಸ್ ಎದುರಿಗೇ ಜನ ನೂಕಿ ನಿಲ್ಲಿಸಿಬಿಟ್ರು. ಒಂದೊಂದು ಹೊಡೆತಕ್ಕೂ ಅಂಗಿ ಎದೆ ಮೇಲೆ ಪಟಪಟ ಅಂತಿತ್ತು, ಗಾಳಿ ಇಲ್ಲ ಏನಿಲ್ಲ. ಮನೆಗೆ ಬಂದು ಇಯರ್‌ಫೋನ್ ಹಾಕಿದ್ರೆ ಥೂ, ಬಿಸ್ಕೆಟ್ ಡಬ್ಬದ ಒಳಗೆ ನೊಣ ಹಾಡಿದ ಹಾಗೆ.
ಎರಡು ಸಲ ದುಡ್ಡು ಕಳ್ಕೊಂಡಾಯ್ತು. ಎರಡು ಡಬ್ಬದ ಮೇಲೂ ದಪ್ಪ ಅಕ್ಷರದಲ್ಲಿ ಎಕ್ಸ್‌ಟ್ರಾ ಬೇಸ್ ಅಂತಿತ್ತು, ಒಂದರಲ್ಲಿ 14 ಎಂಎಂ ಡ್ರೈವರ್ (ಒಳಗೆ ಸದ್ದು ಮಾಡೋ ಪುಟ್ಟ ಸ್ಪೀಕರ್) ಬೇರೆ. ಕಂಪನಿ ಹೆಸರು ಬೇಡ ಬಿಡಿ. ವೈರ್ ಇದ್ರೂ ಓಕೆ, ಫೋನಲ್ಲಿ 3.5 ಜಾಕ್ ಇಲ್ಲ, ಟೈಪ್ ಸಿ ಮಾತ್ರ. ಕೇಳೋದು ರಾತ್ರಿ ಮನೇಲಿ, ಆಮೇಲೆ ತಿಂಗಳಿಗೆ ಎರಡು ಸಲ ಮೈಸೂರು ಬಸ್ಸಲ್ಲಿ. ಯಾವ್ದು ತಗೊಳ್ಲಿ ಹೇಳಿ.

ಕಳೆಮೆಷಿನ್:
ಮೊದ್ಲು ಇದು ಹೇಳು. ಆ ಎರಡು ಸೆಟ್ಟಲ್ಲೂ ಕಿವಿಗೆ ಹಾಕೋ ರಬ್ಬರ್ ಯಾವ ಸೈಜಿಂದು ಹಾಕಿದ್ದೆ?

ಗೋಣಿಕೊಪ್ಪ_ಗಿರಗಿಟ್ಲೆ:
ಡಬ್ಬದಿಂದ ತೆಗ್ದಾಗ ಯಾವ್ದು ಇತ್ತೋ ಅದೇ ಅಣ್ಣ. ಬೇರೆ ಎರಡು ಜೊತೆ ಕವರಲ್ಲಿ ಇತ್ತು, ಎಲ್ಲಿ ಹೋಯ್ತೋ ಗೊತ್ತಿಲ್ಲ.

ಕಳೆಮೆಷಿನ್:
ಅಲ್ಲಿಗೆ ಅರ್ಧ ಉತ್ತರ ಸಿಕ್ತು. ನಿನ್ನ ಬೇಸ್ ಆ ಕವರಲ್ಲೇ ಇತ್ತು ಮಾರಾಯ.

ಕುಶಾಲ್ನಗರ_ಬಿಸಿಲು:
ಆ ರಬ್ಬರ್ ಟಿಪ್ಸ್ ಗಿಪ್ಸ್ ಎಲ್ಲ ಆಮೇಲೆ. ಡ್ರೈವರ್ ದೊಡ್ಡದಿದ್ರೆ ಬೇಸ್ ಬರುತ್ತೆ, ಸಿಂಪಲ್. ಸ್ಪೀಕರಲ್ಲೂ ಹಾಗೇ ಅಲ್ವಾ, 4 ಇಂಚಿಂದು ಕೀಚ್ ಅನ್ನುತ್ತೆ 15 ಇಂಚಿಂದು ಗುಮ್ ಅನ್ನುತ್ತೆ. ನಾನು ಯಾವಾಗ್ಲೂ 12 ಎಂಎಂ ಮೇಲೇ ನೋಡೋದು.

ಹಳೇ_ಸೌಂಡ್‌ಬಾಕ್ಸ್:
ಬಿಸಿಲಣ್ಣ, ಸ್ಪೀಕರ್ ಲೆಕ್ಕ ಕಿವಿಗೆ ತಾಗಲ್ಲ. ನಾನು ಹತ್ತು ಹನ್ನೆರಡು ವರ್ಷ ಮದುವೆ ಮನೆ, ಆರ್ಕೆಸ್ಟ್ರಾ, ಮಂಟಪ ಅಂತ ಸೌಂಡ್ ಸಿಸ್ಟಮ್ ಹೊತ್ತವನು, ಬೆನ್ನು ಹೋಗಿದ್ದೇ ಅದರಿಂದ. ತೆರೆದ ಜಾಗದಲ್ಲಿ ಬೇಸ್ ಬರ್ಬೇಕಂದ್ರೆ ರಾಶಿ ಗಾಳಿ ನೂಕ್ಬೇಕು, ಅದಕ್ಕೇ 18 ಇಂಚಿನ ಕೋನ್, ಆನೆ ಗಾತ್ರದ ಬಾಕ್ಸ್. ಕಿವಿ ಒಳಗೆ ಹಾಗಲ್ಲ. ಟಿಪ್ ಸರಿಯಾಗಿ ಕೂತ್ರೆ ಡ್ರೈವರಿಂದ ಕಿವಿ ತಮಟೆ ತನಕ ಇರೋದು ಚಿಟಿಕೆ ಗಾಳಿ ಅಷ್ಟೇ, ಸುತ್ತ ಮುಚ್ಚಿರೋದು. ಅಷ್ಟು ಗಾಳಿಯನ್ನ ಒತ್ತೋಕೆ 8 ಎಂಎಂ ಡ್ರೈವರ್ ಕೂದಲೆಳೆ ಅಲುಗಾಡಿದ್ರೂ ಸಾಕು, 20 ಹರ್ಟ್ಜ್ ತನಕ, ಅಂದ್ರೆ ಸೆಕೆಂಡಿಗೆ 20 ಸಲ ಅದುರೋ ಸ್ವರದ ತನಕ ಇಳಿಯುತ್ತೆ.
ತೋಟ ಇರೋರಿಗೆ ಒಂದೇ ಮಾತಲ್ಲಿ ಹೇಳ್ತೀನಿ. ಬೋರ್ಡೋ ದ್ರಾವಣ ಹೊಡೆಯೋ ಸ್ಪ್ರೇಯರಲ್ಲಿ ವಾಷರ್ ಹೋದ್ರೆ ಏನಾಗುತ್ತೆ? ನೀನು ಎಷ್ಟು ಪಂಪ್ ಹೊಡಿ, ಪ್ರೆಶರ್ ಕಟ್ಟಲ್ಲ, ಮೆಣಸಿನ ಬಳ್ಳಿ ಬುಡಕ್ಕೆ ಚಿರ್ರ್ ಅಂತ ತೊಟ್ಟಿಕ್ಕುತ್ತೆ, ಮೇಲಕ್ಕೆ ಹೋಗಲ್ಲ. ಟ್ಯಾಂಕ್ 16 ಲೀಟರಿಂದಾದ್ರೂ ಅಷ್ಟೇ 20 ಲೀಟರಿಂದಾದ್ರೂ ಅಷ್ಟೇ. ಟಿಪ್ಸ್ ಅಂದ್ರೆ ಆ ವಾಷರ್. ಸಂದಿ ಇದ್ರೆ ಕೆಳಗಿನ ಸ್ವರಗಳೇ ಮೊದ್ಲು ಸೋರಿ ಹೋಗೋದು, ಮೇಲಿನ ಚಿಂಯ್ ಚಿಂಯ್ ಹಾಗೇ ಉಳಿಯುತ್ತೆ. ನಿಂಗೆ ಡಬ್ಬದ ಒಳಗಿನ ನೊಣ ಕೇಳಿದ್ದು ಅದಕ್ಕೇ.

ಸೋಮ್ವಾರ್‌ಪೇಟೆ_ಕಿವಿ:
ಅಣ್ಣ ಹೇಳಿದ್ದು ನೂರಕ್ಕೆ ನೂರು. ನಾನು ಬೆಂಗಳೂರಲ್ಲಿ ಕೆಲಸ, ಸಂಬಳದಲ್ಲಿ ಅರ್ಧ ಇದಕ್ಕೇ ಹೋಗುತ್ತೆ ಅಂತ ಮನೇಲಿ ಬೈಗುಳ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ ಕ್ಷಮಿಸಿ.
ಬೇಸ್ ಅಂತ ಒಂದೇ ಪದ ಹೇಳ್ತೀವಿ ಆದ್ರೆ ಒಳಗೆ ಎರಡು ಜಾತಿ ಇದೆ. 20ರಿಂದ 60 ಹರ್ಟ್ಜ್ ಆಸುಪಾಸು ಸಬ್‌ಬೇಸ್, ಅದು ಕೇಳೋದಕ್ಕಿಂತ ಕಿವಿ ಒಳಗೆ ಯಾರೋ ಒತ್ತಿದ ಹಾಗೆ ಗೊತ್ತಾಗೋದು. ಅದರ ಮೇಲೆ 250 ತನಕ ಮಿಡ್‌ಬೇಸ್, ಡ್ರಮ್ಮಿನ ಗುದ್ದು, ಢಬ್ ಅನ್ನೋದು. ನಾಲ್ಕು ತಂತಿ ಬೇಸ್ ಗಿಟಾರಿನ ಅತಿ ದಪ್ಪ ತಂತಿ ಬಿಟ್ಟು ಹೊಡೆದ್ರೆ 41 ಹರ್ಟ್ಜ್. ಈಗಿನ ಎಷ್ಟೋ ಡಿಜೆ ಹಾಡುಗಳ ಬೇಸ್ 30-40ರ ತನಕ ಇಳಿಯುತ್ತೆ.
ಅಗ್ಗದ ಎಕ್ಸ್‌ಟ್ರಾ ಬೇಸ್ ಸೆಟ್‌ಗಳು ಮಾಡೋ ಮೋಸ ಏನಂದ್ರೆ 100ರಿಂದ 200 ನಡುವೆ ಗುಡ್ಡ ಕಟ್ಟಿಬಿಡ್ತಾವೆ. ಅಂಗಡೀಲಿ ಅರ್ಧ ನಿಮಿಷ ಕೇಳಿದ್ರೆ ಆಹಾ ಅನ್ಸುತ್ತೆ. ಮನೇಲಿ ಅರ್ಧ ಗಂಟೆ ಕೇಳಿದ್ರೆ ತಲೆನೋವು, ಯಾಕಂದ್ರೆ ಗಂಡಸರ ಧ್ವನಿಯ ಬುಡ ಇರೋದೂ ಅಲ್ಲೇ, ಹಾಡೋನು ಕಂಬಳಿ ಹೊದ್ದು ಹಾಡಿದ ಹಾಗೆ ಆಗುತ್ತೆ. ನಿಂಗೆ ಬೇಕಿರೋದು ದಪ್ಪ ಬೇಸ್ ಅಲ್ಲ, ಆಳದ ಬೇಸ್. ಎರಡೂ ಬೇರೆ.
ಈಗ ಮಾಡೆಲ್. ನಿನ್ನ ಬಜೆಟ್ ಒಳಗೆ ಸೆವೆನ್ ಹರ್ಟ್ಜ್ ಕಂಪನಿಯ ಜೀರೋ 2 ನೋಡು. 10 ಎಂಎಂ ಒಂದೇ ಡೈನಾಮಿಕ್ ಡ್ರೈವರ್ (ಸ್ಪೀಕರ್ ಥರಾನೇ ಪರದೆ ಅಲುಗಾಡೋದು), ಮೊದಲನೇ ಜೀರೋಗಿಂತ ಬೇಸ್ ಜಾಸ್ತಿ, ಧ್ವನಿ ಕೆಡಲ್ಲ. ಕೇಬಲ್ ಬಿಚ್ಚಿ ಹಾಕ್ಬಹುದು, 0.78 ಎಂಎಂ ಎರಡು ಪಿನ್ನಿಂದು, ಅಂದ್ರೆ ನಾಯಿಮರಿ ಕಚ್ಚಿದ್ರೆ ಬೇರೆ ಕೇಬಲ್ ತಗೊಂಡ್ರೆ ಆಯ್ತು. ಮೂನ್‌ಡ್ರಾಪ್ ಚೂ 2 ಅಂತ ಎಲ್ರೂ ಹೇಳ್ತಾರೆ, ಒಳ್ಳೇದೇ, ಆದ್ರೆ ನಿನ್ನ ಚಟಕ್ಕೆ ಅದು ಸಪ್ಪೆ. ಬಜೆಟ್ ಸ್ವಲ್ಪ ಎಳೆದ್ರೆ ಟ್ರೂಥಿಯರ್ ಜೀರೋ ರೆಡ್ ಇದೆ, 2023ರಲ್ಲಿ ಬಂದಿದ್ದು, 10 ಮತ್ತು 7.8 ಎಂಎಂ ಎರಡು ಡ್ರೈವರ್. ಅದರ ಜೊತೆ ಡಬ್ಬದಲ್ಲೇ 10 ಓಮ್ಸಿನ, ಅಂದ್ರೆ ಕರೆಂಟಿಗೆ ಅಷ್ಟು ತಡೆ ಒಡ್ಡೋ, ಸಣ್ಣ ಅಡಾಪ್ಟರ್ ಬರುತ್ತೆ, ಮಧ್ಯ ಸಿಕ್ಕಿಸಿದ್ರೆ ಬೇಸ್ ಮೇಲೆ ಬರುತ್ತೆ. ತೆಗೆದ್ರೆ ಬ್ಯಾಲೆನ್ಸ್, ಹಾಕಿದ್ರೆ ದಸರಾ.

ಕುಶಾಲ್ನಗರ_ಬಿಸಿಲು:
ಆ ಅಡಾಪ್ಟರ್ ಮಾತ್ರ ತರ್ಸಿ ನನ್ನ ಹಳೇದಕ್ಕೆ ಹಾಕಿದ್ರೆ ಆಗಲ್ವಾ? ನೂರಿನ್ನೂರಲ್ಲಿ ಕೆಲಸ ಮುಗಿಯುತ್ತೆ.

ಸೋಮ್ವಾರ್‌ಪೇಟೆ_ಕಿವಿ:
ನಿನ್ನದು ಒಂದೇ ಡೈನಾಮಿಕ್ ಡ್ರೈವರ್ ಆದ್ರೆ ಬರೀ ವಾಲ್ಯೂಮ್ ಇಳಿಯುತ್ತೆ ಅಷ್ಟೇ. ರೆಡ್‌ನಲ್ಲಿ ಎರಡು ಡ್ರೈವರಿಗೆ ಸ್ವರ ಹಂಚೋ ಸರ್ಕ್ಯೂಟ್ ಇದೆ, ಅದರ ಇಂಪೆಡೆನ್ಸ್ (ಕರೆಂಟಿಗೆ ಒಡ್ಡೋ ತಡೆ) ಎಲ್ಲ ಕಡೆ ಒಂದೇ ಇಲ್ಲ, ಬೇಸ್ ಕಡೆ ಜಾಸ್ತಿ ಮೇಲ್ಗಡೆ ಕಮ್ಮಿ, ಅದಕ್ಕೇ 10 ಓಮ್ಸ್ ಸೇರಿಸಿದ್ರೆ ಉಳಿದದ್ದು ಹೆಚ್ಚು ಇಳಿದು ಬೇಸ್ ಕಮ್ಮಿ ಇಳಿಯುತ್ತೆ. ಒಂದೇ ಡೈನಾಮಿಕ್ ಇದ್ರೆ ಹೆಚ್ಚುಕಮ್ಮಿ ಎಲ್ಲಾ ಕಡೆ ಸಮ, ಇಳಿದ್ರೆ ಎಲ್ಲವೂ ಇಳಿಯುತ್ತೆ.

ಮಂಜುಮುಸುಕು:
ಭಾಗಮಂಡಲ ಕಡೆಯವಳು. ತಮ್ಮಾ, ಯಾವ್ದೇ ತಗೋ, ನಮ್ಮ ಮಳೆಗಾಲ ತಲೇಲಿ ಇಟ್ಕೊಂಡು ತಗೋ. ಹೋದ ಕಕ್ಕಡದಲ್ಲಿ, ಜೋರು ಮಳೆ ತಿಂಗಳಲ್ಲಿ, ನಂದು ಎಡಗಡೆ ಕಿವಿದು ಇದ್ದಕ್ಕಿದ್ದಂತೆ ಮೆಲ್ಲಗಾಗಿ ಹೋಯ್ತು. ಹಾಳಾಯ್ತು ಅನ್ಕೊಂಡೆ. ಟಾರ್ಚ್ ಬಿಟ್ಟು ನೋಡಿದ್ರೆ ಬಾಯಲ್ಲಿರೋ ಜಾಲರಿ ಮೇಲೆ ಮಂಜಿನ ಹನಿ, ಕನ್ನಡಕದ ಮೇಲೆ ಕೂರುತ್ತಲ್ಲ ಹಾಗೆ, ಜೊತೆಗೆ ಸ್ವಲ್ಪ ಗುಗ್ಗೆ. ಬಿಸಿ ಕಿವಿಯಿಂದ ತೆಗೆದು ತಣ್ಣನೆ ಮೇಜಿನ ಮೇಲೆ ಇಡ್ತಿದ್ನಲ್ಲ, ಹಾಗಾಗಿ.
ನಮ್ಮತ್ತೆ ಅದನ್ನ ನೋಡಿ ಒಳ್ಳೇ ಮನಸ್ಸಿಂದ ತಗೊಂಡು ಹೋಗಿ ಅಡುಗೆಮನೆ ಒಲೆ ಮೇಲಿನ ಅಟ್ಟದಲ್ಲಿ, ಒಣಮೀನಿನ ಬುಟ್ಟಿ ಪಕ್ಕ ಇಟ್ಟುಬಿಟ್ರು, ಒಣಗ್ಲಿ ಅಂತ. ಮಾರನೇ ದಿನ ತೆಗೆದ್ರೆ ಅಂಟು ಬಿಟ್ಟು ಮೇಲಿನ ಪ್ಲೇಟ್ ಕೈಗೇ ಬಂತು. ಬಲಗಡೆದು ಇವತ್ತಿಗೂ ಕೇಳುತ್ತೆ, ಆದ್ರೆ ಮೀನಿನ ವಾಸನೆ. ಹಾಡು ಯಾವ್ದಾದ್ರೂ ಸರಿ, ಮೂಗಿಗೆ ಮಂಗಳೂರು.
ಈಗ ನಾನು ಮಾಡೋದು, ಮಾತ್ರೆ ಡಬ್ಬಿ ಶೂ ಡಬ್ಬಿಯಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ಎರಡು ಮೂರು ಒಂದು ಗಾಳಿಯಾಡದ ಡಬ್ಬೀಲಿ ಹಾಕಿ ಅದರಲ್ಲೇ ಇಡೋದು. ಒದ್ದೆ ಕಿವಿಗೆ ಹಾಕ್ಬೇಡ, ಸ್ನಾನ ಮಾಡಿದ ತಕ್ಷಣ ಹಾಕಿ ಹಾಕಿ ನಂಗೆ ಕಿವಿ ಒಳಗೆ ಬೂಸ್ಟು ಬಂದು ಡಾಕ್ಟರ್ ಹತ್ರ ಬೈಸ್ಕೊಂಡೂ ಆಗಿದೆ.

ಹಳೇ_ಸೌಂಡ್‌ಬಾಕ್ಸ್:
ಅಕ್ಕಾ ಮೀನಿನ ಕಥೆ ಓದಿ ನಮ್ಮ ಮನೆಯವಳು ಅಲ್ಲಿಂದ ಕೇಳ್ತಿದ್ದಾಳೆ ಏನು ಒಬ್ರೇ ನಗ್ತೀರಿ ಅಂತ.

ಗೋಣಿಕೊಪ್ಪ_ಗಿರಗಿಟ್ಲೆ:
😂 ಅಕ್ಕಾ ಸೂಪರ್. ಸರಿ, ಟಿಪ್ಸ್ ವಿಷಯ ಒಪ್ಕೊಂಡೆ. ಆದ್ರೆ ಸರಿಯಾಗಿ ಕೂತಿದೆ ಅಂತ ಗೊತ್ತಾಗೋದು ಹೇಗೆ? ಬೀಳಲ್ಲ ಅಂದ್ರೆ ಕೂತಿದೆ ಅಂತ ತಾನೆ ನಾನು ಅನ್ಕೊಂಡಿದ್ದು.

ಕಳೆಮೆಷಿನ್:
ಬೀಳದೇ ಇರೋದಕ್ಕೂ ಮುಚ್ಚಿರೋದಕ್ಕೂ ಸಂಬಂಧ ಇಲ್ಲ. ಹೀಗೆ ಮಾಡು. ಯೂಟ್ಯೂಬಲ್ಲಿ 30 ಹರ್ಟ್ಜ್ ಟೋನ್ ಅಂತ ಹಾಕು, ವಾಲ್ಯೂಮ್ ಕಮ್ಮಿ ಇಟ್ಟು ಶುರು ಮಾಡು. ಕೇಳ್ತಾ ಇರೋವಾಗ ಬೆರಳಲ್ಲಿ ಇಯರ್‌ಫೋನನ್ನ ಮೆಲ್ಲಗೆ ಒಳಗೆ ಒತ್ತು. ಒತ್ತಿದಾಗ ಗುಂಯ್ ಜಾಸ್ತಿ ಆಯ್ತು ಅಂದ್ರೆ ಮುಂಚೆ ಸೋರ್ತಿತ್ತು ಅಂತ ಅರ್ಥ, ದೊಡ್ಡ ಟಿಪ್ ಹಾಕು. ಒತ್ತಿದ್ರೂ ಬಿಟ್ರೂ ಒಂದೇ ಥರ ಇದ್ರೆ ಸೀಲ್ ಆಗಿದೆ. ಒಂದೊಂದೇ ಕಿವಿ ಮಾಡು. ಇನ್ನೊಂದು, ಎರಡೂ ಕಿವಿಗೆ ಒಂದೇ ಸೈಜ್ ಆಗ್ಬೇಕು ಅಂತೇನಿಲ್ಲ, ನನಗೆ ಬಲಕ್ಕೆ ಎಂ, ಎಡಕ್ಕೆ ಎಲ್. ನಾಲ್ಕು ವರ್ಷ ಎಡಗಡೆ ಡ್ರೈವರ್ ವೀಕ್ ಅಂತ ಬೈತಾ ಇದ್ದೆ, ವೀಕ್ ಇದ್ದಿದ್ದು ನನ್ನ ತಲೆ.
ಹಾಕೋವಾಗ ಇನ್ನೊಂದು ಕೈಯಲ್ಲಿ ಕಿವಿ ತುದಿ ಹಿಡಿದು ಮೇಲಕ್ಕೆ ಹಿಂದಕ್ಕೆ ಎಳಿ, ಆಗ ಓಣಿ ನೇರ ಆಗುತ್ತೆ, ಒಳಗೆ ಹಾಕಿ ಸ್ವಲ್ಪ ತಿರುಗಿಸಿ ಬಿಡು.

ಸೋಮ್ವಾರ್‌ಪೇಟೆ_ಕಿವಿ:
ಅದಕ್ಕೂ ಕೂರ್ಲಿಲ್ಲ ಅಂದ್ರೆ ಫೋಮ್ ಟಿಪ್ಸ್, ಕಂಪ್ಲೈ ಅಂತ ಬರುತ್ತೆ, ಬೇರೆ ಅಗ್ಗದ್ದೂ ಇದೆ. ಬೆರಳಲ್ಲಿ ಹಿಸುಕಿ ಸಣ್ಣ ಮಾಡಿ ಹಾಕಿದ್ರೆ ಒಳಗೆ ಉಬ್ಬಿ ಕಿವಿ ಆಕಾರಕ್ಕೇ ಕೂರುತ್ತೆ. ಬೇಸ್ ಭರ್ತಿ, ಮೇಲಿನ ಚುರುಕು ಸ್ವಲ್ಪ ಕಮ್ಮಿ. ಆದ್ರೆ ಅಕ್ಕ ಹೇಳಿದ ಥಂಡಿಗೆ ಫೋಮ್ ಬೇಗ ಕೊಳಕಾಗುತ್ತೆ, ಕೆಲವು ತಿಂಗಳಿಗೆ ಬದಲಾಯಿಸ್ಬೇಕು. ಸಿಲಿಕಾನಲ್ಲಿ ಫೈನಲ್ ಟೈಪ್ ಇ ಚೆನ್ನಾಗಿದೆ, ಎಸ್‌ಎಸ್‌ನಿಂದ ಎಲ್‌ಎಲ್ ತನಕ 5 ಸೈಜ್. ನನ್ನ ಮಾತು ಕೇಳಿದ್ರೆ 2000 ಇಯರ್‌ಫೋನಿಗೆ, ಉಳಿದಿದ್ದು ಟಿಪ್ಸಿಗೆ ಮತ್ತೆ ಟೈಪ್ ಸಿ ಡಾಂಗಲಿಗೆ (ಫೋನಿಗೆ 3.5 ಜಾಕ್ ಕೊಡೋ ತುಂಡು ವೈರ್). ಆಪಲ್‌ದು ಹೆಸರಾಗಿದೆ ಆದ್ರೆ ಸುಮಾರು ಆಂಡ್ರಾಯ್ಡ್ ಫೋನಲ್ಲಿ ಅದರ ವಾಲ್ಯೂಮ್ ಪೂರ್ತಿ ಬರಲ್ಲ, ಬೇರೆ ಯಾವ್ದಾದ್ರೂ ನೋಡು.

ಕುಶಾಲ್ನಗರ_ಬಿಸಿಲು:
ಎಲ್ಲಾ ಬಿಟ್ಟು ವೈರ್‌ಲೆಸ್ ತಗೊಳ್ಳೋಕೆ ಏನಾಗಿದೆ ನಿಮ್ಗೆಲ್ಲ. ಬಸ್ಸಲ್ಲಿ ಆ ವೈರ್ ಬ್ಯಾಗಿಗೆ ಸಿಕ್ಕಿ ಕಿವಿ ಕಿತ್ಕೊಂಡು ಬರುತ್ತೆ.

ಸೋಮ್ವಾರ್‌ಪೇಟೆ_ಕಿವಿ:
ಬಸ್ಸಿನ ವಿಷಯಕ್ಕೆ ಬಿಸಿಲಣ್ಣಂಗೆ ನನ್ನ ವೋಟು. ಬಸ್ ಇಂಜಿನ್ ಗುರ್ ಅನ್ನೋದೂ ಕೆಳಗಿನ ಸ್ವರವೇ, ಅದು ನಿನ್ನ ಸಬ್‌ಬೇಸನ್ನ ನುಂಗಿಬಿಡುತ್ತೆ. ನಮ್ಮ ಜಿಲ್ಲೇಲಿ ರೈಲಿಲ್ಲ, ಎಲ್ಲಿಗೆ ಹೋದ್ರೂ ಬಸ್ಸೇ, ಹಿಂದಿನ ಸೀಟಲ್ಲಿ ಕೂತ್ರೆ ಮುಗೀತು. ಎಎನ್‌ಸಿ, ಅಂದ್ರೆ ಹೊರಗಿನ ಸದ್ದಿಗೆ ಉಲ್ಟಾ ಸದ್ದು ಹಾಕಿ ಅಳಿಸೋದು, ಚೆನ್ನಾಗಿ ಕೆಲಸ ಮಾಡೋದೇ ಇಂಥಾ ಒಂದೇ ಸಮನೆ ಗುರುಗುಡೋ ಸದ್ದಿಗೆ, ಅದು ಹೋದ್ರೆ ಬೇಸ್ ತಾನಾಗೇ ಎದ್ದು ಕಾಣುತ್ತೆ. ಆದ್ರೆ ಅಲ್ಲೂ ಸೀಲ್ ಇಲ್ದಿದ್ರೆ ಎಎನ್‌ಸಿನೂ ಇಲ್ಲ. ಮತ್ತೆ ಕೆಲವು ವೈರ್‌ಲೆಸ್‌ನಲ್ಲಿ ವಾಲ್ಯೂಮ್ ಏರಿಸ್ತಾ ಹೋದ್ರೆ ಡ್ರೈವರ್ ಒದ್ದಾಡಬಾರ್ದು ಅಂತ ಒಳಗಿನ ಚಿಪ್ಪೇ ಬೇಸ್ ಇಳಿಸುತ್ತೆ, ನಾವು ಕುಣಿಯೋಣ ಅಂದಾಗಲೇ ಅದು ಕೂತುಬಿಡುತ್ತೆ. ತಿಂಗಳಿಗೆ ಎರಡೇ ಸಲ ಬಸ್ಸು ಅಂದ್ಮೇಲೆ ರಾತ್ರಿ ಮನೆಗೆ ವೈರೇ ಸರಿ. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋದ್ರೆ ಚಾರ್ಜ್ ಚಿಂತೆ ಒಂದು ಕಮ್ಮಿ.

ಸಿದ್ದಾಪುರ_ಲೈನ್‌ಮನೆ:
ಎಲ್ಲ ಓದ್ದೆ. ಒಂದು ಮಾತು ಯಾರೂ ಹೇಳಿಲ್ಲ. ತೋಟದೊಳಗೆ ನಡೀವಾಗ ಹಾಕ್ಬೇಡಿ ಇದನ್ನ. ಇಷ್ಟೊತ್ತು ಸೀಲ್ ಸೀಲ್ ಅಂದ್ರಲ್ಲ, ಆ ಸೀಲ್ ಆದ್ರೆ ಕೊಂಬೆ ಮುರಿಯೋದೂ ಕೇಳಲ್ಲ. ನಮ್ಮ ಕಡೆ ಕೊಂಬೆ ಮುರಿದ್ರೆ ಅದಕ್ಕೆ ಒಂದೇ ಅರ್ಥ. ನಮ್ಮ ಪಕ್ಕದ ತೋಟದ ಹುಡುಗ ಸಂಜೆ 6 ಗಂಟೆಗೆ ಹಾಡು ಕೇಳ್ತಾ ಬರ್ತಿದ್ದ, ರಸ್ತೆ ತಿರುವಲ್ಲಿ ಮರ ಅನ್ಕೊಂಡಿದ್ದು ಬಾಲ ಆಡಿಸ್ತು. ಓಡಿ ಕೆರೆ ಏರಿ ಹತ್ತಿದ, ಒಂದು ಚಪ್ಪಲಿ ಇನ್ನೂ ಸಿಕ್ಕಿಲ್ಲ.

ಹಳೇ_ಸೌಂಡ್‌ಬಾಕ್ಸ್:
ಇದನ್ನ ಎಲ್ರೂ ಎರಡು ಸಲ ಓದಿ. ಅಂದ ಹಾಗೆ ನಿಜವಾದ ಸಬ್‌ಬೇಸ್ ಇರೋದು ಆನೆ ಹತ್ರಾನೇ. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಕೇಟಿ ಪೇನ್ ಅನ್ನೋರಿಗೆ ಆನೆಗಳ ಹತ್ರ ನಿಂತಾಗ ಸದ್ದಿಲ್ದೇ ಗಾಳಿ ಅದುರಿದ ಹಾಗೆ ಅನ್ನಿಸ್ತಂತೆ. ಆಮೇಲೆ ರೆಕಾರ್ಡ್ ಮಾಡಿ ನೋಡಿದ್ರೆ ಏಷ್ಯಾದ ಆನೆಗಳು 14ರಿಂದ 24 ಹರ್ಟ್ಜ್‌ನಲ್ಲಿ ಮಾತಾಡ್ಕೊಳ್ತವೆ, ಹೆಚ್ಚಿನದು ನಮಗೆ ಕೇಳೋದೇ ಇಲ್ಲ. ಯಾವ ಇಯರ್‌ಫೋನೂ ಬೇಡ, ಸಿದ್ದಾಪುರ ರಸ್ತೇಲಿ ನಿಂತ್ಕೊಂಡ್ರೆ ಫ್ರೀ.
ಗಿರಗಿಟ್ಲೆ ತಮ್ಮಾ, ನಿನ್ನ ಮೊದಲನೇ ಸಾಲಿಗೆ ಬರ್ತೀನಿ. ಎದೆ ನಡುಗೋದು ಇಯರ್‌ಫೋನಲ್ಲಿ ಬರಲ್ಲ. ಯಾವ ಬೆಲೇದರಲ್ಲೂ ಬರಲ್ಲ. ಮಂಟಪದ ಬಾಕ್ಸ್ ಗಾಳಿ ನೂಕಿದಾಗ ನಿನ್ನ ಎದೆ, ಹೊಟ್ಟೆ, ಕಾಲಡಿ ನೆಲ ಎಲ್ಲ ಅದುರುತ್ತೆ, ಇಲ್ಲಿ ಅದುರೋದು ಕಿವಿ ತಮಟೆ ಒಂದೇ. ಅದು ಸಿಗ್ಲಿಲ್ಲ ಅಂತ ಜನ ವಾಲ್ಯೂಮ್ ಏರಿಸ್ತಾರೆ, ಇನ್ನೂ ಸಿಗಲ್ಲ, ಇನ್ನೂ ಏರಿಸ್ತಾರೆ. ನಾನು ಹಾಗೇ ಮಾಡಿದೋನು. ಈಗ ಎಡಗಿವೀಲಿ ರಾತ್ರಿ ಎಲ್ಲ ಜೀರುಂಡೆ, ಮಳೆಗಾಲ ಬೇಸಿಗೆ ಅಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ 80 ಡೆಸಿಬಲ್ ಆದ್ರೆ ವಾರಕ್ಕೆ 40 ಗಂಟೆ, 90 ಆದ್ರೆ ವಾರಕ್ಕೆ 4 ಗಂಟೆ. ಹತ್ತು ಜಾಸ್ತಿ ಆಗಿದ್ದಕ್ಕೆ ನಲವತ್ತು ನಾಲ್ಕಾಯ್ತು ನೋಡು.

ಕಳೆಮೆಷಿನ್:
ಅಣ್ಣ ಹೇಳಿದ್ದಕ್ಕೆ ನಾನೂ ತಪ್ಪೊಪ್ಪಿಗೆ. ನನ್ನ ಹೆಸರೇ ನೋಡಿ, ಕಳೆ ಮೆಷಿನ್ ಬೆನ್ನಿಗೆ ಹಾಕ್ಕೊಂಡು ಅದರ ಸದ್ದು ಮೀರಿಸೋಕೆ ಫುಲ್ ವಾಲ್ಯೂಮ್ ಇಡ್ತಿದ್ದೆ. ಈಗ ಇಯರ್‌ಮಫ್ ಮಾತ್ರ, ಹಾಡಿಲ್ಲ.

ಸೋಮ್ವಾರ್‌ಪೇಟೆ_ಕಿವಿ:
ವಾಲ್ಯೂಮ್ ಕಮ್ಮಿ ಇಟ್ರೆ ಬೇಸ್ ಮಾಯ ಆಗೋಕೆ ಕಾರಣಾನೂ ಇದೆ. ನಮ್ಮ ಕಿವಿಗೆ ಕೆಳಗಿನ ಸ್ವರ ಮಂದ, ಫ್ಲೆಚರ್ ಮತ್ತೆ ಮನ್ಸನ್ ಅನ್ನೋರು 1933ರಲ್ಲೇ ಇದನ್ನ ಅಳೆದು ಗೆರೆ ಹಾಕಿ ತೋರಿಸಿದ್ರು. 20 ಹರ್ಟ್ಜ್ ಸದ್ದು ಸುಮ್ನೆ ಕೇಳಿಸೋಕೇ 70 ಡೆಸಿಬಲ್‌ಗಿಂತ ಮೇಲೆ ಬೇಕು. ಹಾಗಾಗಿ ವಾಲ್ಯೂಮ್ ಏರಿಸೋ ಬದ್ಲು ಬೇಸ್ ಒಂದನ್ನೇ ಏರಿಸು. ಆಂಡ್ರಾಯ್ಡಲ್ಲಿ ವೇವ್‌ಲೆಟ್ ಅಂತ ಆಪ್ ಇದೆ. ಕೆಳಗಿನ ಪಟ್ಟಿಗಳನ್ನ, ಅಂದ್ರೆ 100ರ ಕೆಳಗಿಂದನ್ನ, 4 ರಿಂದ 6 ಡೆಸಿಬಲ್ ಎತ್ತು, ಎತ್ತಿದಷ್ಟೇ ಒಟ್ಟು ಗೇನ್ (ಪೂರ್ತಿ ಸದ್ದಿನ ಮಟ್ಟ) ಇಳಿಸು ಇಲ್ದಿದ್ರೆ ಪರ್ ಪರ್ ಅಂತ ಒಡೆಯುತ್ತೆ. ಡೈನಾಮಿಕ್ ಡ್ರೈವರ್ ಇದನ್ನ ಆರಾಮಾಗಿ ತಡ್ಕೊಳ್ಳುತ್ತೆ.
ಮತ್ತೆ ಹಾಡಲ್ಲಿ ಇಲ್ದೇ ಇರೋ ಬೇಸನ್ನ ಯಾರೂ ತರೋಕಾಗಲ್ಲ. ಮೊಬೈಲಲ್ಲಿ ರೆಕಾರ್ಡ್ ಮಾಡಿದ ಮದುವೆ ವಾಲಗ ಹಾಕಿ ಬೇಸ್ ಟೆಸ್ಟ್ ಮಾಡ್ಬೇಡಿ, ಆ ಪುಟಾಣಿ ಮೈಕಲ್ಲಿ ಕೆಳಗಿನ ಸ್ವರ ಅರ್ಧ ಬಂದೇ ಇರಲ್ಲ.

ಮಂಜುಮುಸುಕು:
ವಾಲಗಕ್ಕೆ ಬೇಸ್ ಯಾಕೆ ಬೇಕು, ಅದು ಕಾಲಿಗೆ ಬರುತ್ತೆ.

ಗೋಣಿಕೊಪ್ಪ_ಗಿರಗಿಟ್ಲೆ:
ಅಪ್‌ಡೇಟ್ ಕೊಡೋಕೆ ತಡ ಆಯ್ತು, ಪುತ್ತರಿ ಹಬ್ಬ, ಆಮೇಲೆ ಅರೇಬಿಕಾ ಕಾಫಿ ಕೊಯ್ಲು, ಕಣದಲ್ಲೇ ಮಲಗೋದಾಗಿತ್ತು. ಜೀರೋ 2 ತರ್ಸಿದೆ. ನಮ್ಮ ಪಿನ್‌ಕೋಡಿಗೆ ಡೆಲಿವರಿ ಇಲ್ಲ ಅಂತ ತೋರಿಸ್ತು, ಅಕ್ಕನ ಮನೆ ಮೈಸೂರು ಅಡ್ರೆಸ್ ಹಾಕಿ ಬಸ್ಸಲ್ಲಿ ಕಳಿಸ್ಕೊಂಡೆ.
ಮೊದಲನೇ ದಿನ ಅದೇ ಕಥೆ, ಬೇಸ್ ಇಲ್ಲ. ಇಲ್ಲಿಗೆ ಬಂದು ನಿಮ್ಮನ್ನೆಲ್ಲ ಬೈಯೋಣ ಅಂತಿದ್ದೆ. ಆಮೇಲೆ 30 ಹರ್ಟ್ಜ್ ಹಾಕಿ ಕಳೆಮೆಷಿನ್ ಅಣ್ಣ ಹೇಳಿದ ಹಾಗೆ ಒತ್ತಿ ನೋಡಿದೆ, ಎಡಗಡೆ ಒತ್ತಿದ್ರೆ ಗುಂಯ್, ಬಿಟ್ರೆ ಏನೂ ಇಲ್ಲ. ಎಲ್ ಸೈಜ್ ಹಾಕಿ ಕಿವಿ ಎಳೆದು ತಿರುಗಿಸಿದೆ. ಕಿವಿ ಒಳಗೆ ಬಾಗಿಲು ಮುಚ್ಚಿದ ಹಾಗೆ ಒಂದು ಟಪ್, ಆಚೆ ಕಣದಲ್ಲಿ ಕಾಫಿ ಎಳೀತಿದ್ದ ಸದ್ದು ನಿಂತೇ ಹೋಯ್ತು, ಆ ಕಡೆಯಿಂದ ಏನೋ ದೊಡ್ಡದು ನಿಧಾನ ಉಸಿರಾಡಿದ ಹಾಗೆ. ನಾನು ಹಿಂದೆ ತಿರುಗಿ ನೋಡ್ದೆ ದೇವ್ರಾಣೆ, ಸಿದ್ದಾಪುರದವರ ಮಾತು ತಲೇಲಿತ್ತು.
ಅದೇ ಬಿಸೀಲಿ ಮೂಲೇಲಿ ಬಿದ್ದಿದ್ದ ಹಳೇ 14 ಎಂಎಂ ತೆಗೆದು ಅದಕ್ಕೂ ಇದರದೇ ಎಲ್ ಟಿಪ್ ಹಾಕ್ದೆ. ಬೇಸ್ ಬಂತು! ಕಂಬಳಿ ಹೊದ್ದ ಬೇಸ್, ಆದ್ರೂ ಬಂತು. ಎರಡು ವರ್ಷ ಸುಮ್ನೆ ಬೈದಿದ್ದೀನಿ ಅದನ್ನ.

ಕುಶಾಲ್ನಗರ_ಬಿಸಿಲು:
ಅಂದ್ರೆ ದೊಡ್ಡ ಡ್ರೈವರಲ್ಲೂ ಬೇಸ್ ಬಂತು ತಾನೆ. ನಾನು ಹೇಳಿದ್ದು ಅದನ್ನೇ.

ಹಳೇ_ಸೌಂಡ್‌ಬಾಕ್ಸ್:
ಬಿಸಿಲಣ್ಣ ನೀನು ಒಮ್ಮೆ ನಿನ್ನ ಟಿಪ್ಸ್ ಸೈಜ್ ನೋಡು.

ಕುಶಾಲ್ನಗರ_ಬಿಸಿಲು:
ನೋಡ್ದೆ. ಎಸ್ ಇದೆ. ಬೇರೆ ಎರಡು ಜೊತೆ ಮಗಳು ಗೊಂಬೆಗೆ ಟೋಪಿ ಮಾಡಿದ್ದಾಳೆ, ಸಂಜೆ ಚಾಕ್ಲೇಟ್ ಕೊಟ್ಟು ವಾಪಸ್ ತಗೋಬೇಕು.